ಅಕ್ಕಿ ಡಬ್ಬಿಯೊಳಗಿನ ಪಾಳಿ

ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ದೇವರ ನಾಮವಲ್ಲ, ಗಂಡನ ಮೇಲಿನ ದೂರೂ ಅಲ್ಲ. "ನಮ್ಮ ಕಂಪ್ಯೂಟರ್‌ನ್ಯಾಗೆ ಸರಿಯಾಗೇ ಕಾಣ್ತೈತಲ್ರಿ" ಎಂಬುದು. ಗಿರಾಕಿಗಳು ಫೋನ್ ಮಾಡಿ ಏನೋ ಕೆಟ್ಟಿದೆ ಎಂದಾಗಲೆಲ್ಲ ಇದೊಂದು ಮಾತು ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಬಿಗುಮಾನ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸ್ವಲ್ಪ ಏನು ಬಂತು, ಸೇರಿನಷ್ಟೇ ಇರುತ್ತಿತ್ತು.

ನನ್ನ ಆಫೀಸು ದಾವಣಗೆರೆಯ ವಿನೋಬನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಮೊದಲು ಅಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆ. ಟೈಪ್‌ರೈಟರ್‌ಗಳು ಗುಜರಿಗೆ ಹೋದವು, ಕಂಪ್ಯೂಟರ್ ಬಂದವು, ಲಗ್ನಪತ್ರಿಕೆ ಮಾಡಿದೆ, ಆಮೇಲೆ ಒಂದೊಂದೇ ಪುಸ್ತಕ ಓದಿ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಕೆಳಗೆ ಜೋಳ ಬೀಸುವ ದಿನ ನನ್ನ ಕೀಬೋರ್ಡು ಬೆಳ್ಳಗಾಗುತ್ತದೆ. ಪ್ರತಿದಿನ ಬೆಳಿಗ್ಗೆ ಅದನ್ನು ಕವುಚಿ ಕೊಡವಿದರೆ ಒಂದು ಚಿಕ್ಕ ರೊಟ್ಟಿಗಾಗುವಷ್ಟು ಹಿಟ್ಟು ಸಿಗುತ್ತದೆ. ಹೀಗೆ ಹಿಟ್ಟಿನ ನಡುವೆ ಕುಳಿತು ಊರಿನ ಅಂಗಡಿ, ಲಾಡ್ಜು, ಟ್ಯೂಷನ್ನಿನವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತ ಬಂದಿದ್ದೇನೆ. ನನ್ನ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ನನಗೆ ಬಲವಾದ ನಂಬಿಕೆಯಿತ್ತು.

ಆ ನಂಬಿಕೆಯನ್ನು ಕಳೆದದ್ದು ನನ್ನ ಸೋದರತ್ತೆಯ ಮೂರು ಎಕರೆ ಭತ್ತ.

ಅತ್ತೆಯ ಊರು ಮಲೆಬೆನ್ನೂರಿನಿಂದ ಸ್ವಲ್ಪ ಒಳಗೆ. ಎಪ್ಪತ್ತು ದಾಟಿದೆ, ಆದರೂ ಗದ್ದೆಯ ಬದುವಿನ ಮೇಲೆ ನನಗಿಂತ ಜೋರಾಗಿ ನಡೆಯುತ್ತಾಳೆ. ಚಿಕ್ಕಂದಿನಲ್ಲಿ ನನ್ನ ಬೇಸಿಗೆ ರಜೆಯೆಲ್ಲ ಕಳೆದದ್ದು ಅವಳ ಮನೆಯಲ್ಲೇ. ಅವಳ ಮೇಲೆ ನನಗಿರುವುದು ಒಂದೇ ತಕರಾರು. ಎಂಟು ವರ್ಷದವಳಿದ್ದಾಗ ಅವಳ ಮನೆಯಲ್ಲಿ ನನಗೆ ಕಾಮಾಲೆಯಾಯಿತು. ಖಾರ ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದರು. ಆವತ್ತಿನಿಂದ ಈವತ್ತಿನವರೆಗೆ ಅತ್ತೆಯ ಮನೆಯಲ್ಲಿ ನನಗೆ ಬೇರೆ ಸಾರು, ಬೇರೆ ಪಲ್ಯ. ಎಲ್ಲರೂ ಕೆಂಪು ಚಟ್ನಿ ಬಡಿಸಿಕೊಂಡು ರೊಟ್ಟಿ ಮುರಿಯುವಾಗ ನಾನು ಮಾತ್ರ ಬಾಣಂತಿಯ ಹಾಗೆ ಸಪ್ಪೆ ಬೇಳೆ ಕಲಸಿಕೊಂಡು ಕೂರಬೇಕು. ದಾವಣಗೆರೆಯಲ್ಲಿ ದಿನಾ ಸಂಜೆ ಮಿರ್ಚಿ-ಮಂಡಕ್ಕಿ ತಿನ್ನುವ ಹೆಂಗಸು ನಾನು. ಆದರೆ ಅಷ್ಟು ಪ್ರೀತಿಯಿಂದ ಬೇರೆ ಪಾತ್ರೆಯಲ್ಲಿ ಮಾಡಿಟ್ಟಿರುತ್ತಾಳಲ್ಲ, ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ನನಗೆ ಆ ಗಿರಾಕಿಯನ್ನು ಹಿಡಿದುಕೊಟ್ಟವಳೂ ಅವಳೇ. ಹರಿಹರದಲ್ಲಿ ಭತ್ತ ಕೊಯ್ಯುವ ಮಿಷನ್ ಇಟ್ಟುಕೊಂಡ ಸಾಹುಕಾರರೊಬ್ಬರಿದ್ದರು. ಮಿಷನ್ನು ಎಂದರೆ ಗದ್ದೆಗೆ ಇಳಿದು ಕೊಯ್ದು, ಬಡಿದು, ಕಾಳು ಬೇರೆ ಹುಲ್ಲು ಬೇರೆ ಮಾಡಿಕೊಡುವ ದೊಡ್ಡ ಯಂತ್ರ. ಸುಗ್ಗಿ ಬಂತೆಂದರೆ ಅವರಿಗೆ ಊಟಕ್ಕೆ ಕೂರಲು ಬಿಡದಂತೆ ಫೋನು. ಎಲ್ಲರದ್ದೂ ಒಂದೇ ಪ್ರಶ್ನೆ, ನಮ್ಮ ಪಾಳಿ ಯಾವಾಗ? ಅತ್ತೆ ಅವರಿಗೆ, "ನನ್ನ ಅಣ್ಣನ ಮಗಳು ಕಂಪ್ಯೂಟರ್ ಮಾಡ್ತಾಳೆ, ಅಕಿ ಹತ್ರ ಹೋಗ್ರಿ" ಎಂದಿದ್ದಾಳೆ. ಅವರು ಹಿಟ್ಟಿನ ಗಿರಣಿಯ ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಹಿಟ್ಟು ಒರೆಸಿ ಕುಳಿತರು.

"ಮೇಡಂ, ನಂದು ಹೆಚ್ಚೇನಿಲ್ಲ. ಯಾವ ದಿನ ಯಾರ ಗದ್ದೆ ಅಂತ ಎಲ್ಲಾರ ಫೋನ್ನ್ಯಾಗೂ ಕಾಣಬೇಕು. ನಾನು ನೆಮ್ಮದಿಯಾಗಿ ಒಂದು ತುತ್ತು ಅನ್ನ ಉಣ್ಣಬೇಕು."

ಮಾಡಿಕೊಟ್ಟೆ. ಆ ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಫಜೀತಿ ತಿಳಿಯುವುದಿಲ್ಲ. ಪುಟ ಎನ್ನುವುದು ಬರೀ ಚೌಕಟ್ಟು. ಅದರೊಳಗಿನ ಪಾಳಿಯ ಪಟ್ಟಿ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಫೈಲಿನಿಂದ ಬರುತ್ತದೆ. ಆ ಫೈಲು ಮೊದಲೇ ಬರೆದಿಟ್ಟದ್ದಲ್ಲ. ಯಾರಾದರೂ ಕೇಳಿದಾಗ ಸರ್ವರ್ ಆಗಿನ ಪಟ್ಟಿ ನೋಡಿ ಹೊಸದಾಗಿ ಬರೆದುಕೊಡುತ್ತದೆ, ನಮ್ಮೂರಿನ ಹೋಟೆಲಿನಲ್ಲಿ ಆರ್ಡರ್ ಕೊಟ್ಟ ಮೇಲೆ ದೋಸೆ ಹುಯ್ದ ಹಾಗೆ. ಸಾಹುಕಾರರು ಹರಿಹರದಲ್ಲಿ ಕುಳಿತು ಪಟ್ಟಿ ಬದಲಿಸಿದರೆ ಮಲೆಬೆನ್ನೂರಿನ ಫೋನಿನಲ್ಲಿ ಬಿಸಿಬಿಸಿಯಾಗಿ ಕಾಣಬೇಕು. ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಸಂಜೆಯೊಳಗೆ ಊರವರೆಲ್ಲ ನೋಡಿದರು. ಅತ್ತೆ ಫೋನ್ ಮಾಡಿ, "ಬುಧವಾರ ನನ್ನ ಪಾಳಿ ಅಂತ ಬಂದೈತೆ ನೋಡವ್ವ, ನನ್ನ ಹೆಸರು ಫೋನ್ನ್ಯಾಗೆ!" ಎಂದು ಸಂಭ್ರಮಪಟ್ಟಳು. ಸಾಹುಕಾರರು ಫೋನನ್ನು ಸೈಲೆಂಟಿಗೆ ಹಾಕಿ ಊಟಕ್ಕೆ ಕುಳಿತರಂತೆ.

ಭಾನುವಾರ ಅವರೇ ಫೋನ್ ಮಾಡಿದರು. "ಮೇಡಂ, ಮಂಗಳವಾರ ಅಮಾಸಿ. ಪಟ್ಟಿನ್ಯಾಗೆ ಕೆಲಸ ತೋರಿಸ್ತೈತಲ್ರಿ?"

ನಮ್ಮ ಕಡೆ ಅಮಾವಾಸ್ಯೆಯ ದಿನ ಗಾಡಿ ಹೂಡುವುದಿಲ್ಲ, ಮಿಷನ್ನೂ ಗದ್ದೆಗೆ ಇಳಿಯುವುದಿಲ್ಲ. ಅದನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ನಿಲ್ಲಿಸುತ್ತಾರೆ. ಇದು ಕೂಸಿಗೂ ಗೊತ್ತು, ನನಗೂ ಗೊತ್ತು. ಆದರೆ ನಾನು ಬರೆದ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. "ಮೊದಲೇ ಹೇಳಬಾರದೇನ್ರಿ?" ಎಂದೆ.

"ಅಮಾಸಿ ಅಂತ ಯಾರಾದ್ರೂ ಹೇಳಿಕೊಡ್ತಾರೇನ್ರಿ ಮೇಡಂ?"

ಮಂಗಳವಾರದಿಂದ ಮುಂದಿನದ್ದನ್ನೆಲ್ಲ ಒಂದು ದಿನ ಸರಿಸಿದೆ. ಮಂಗಳವಾರದ ಪಾಳಿ ಅತ್ತೆಯ ಪಕ್ಕದ ಗದ್ದೆಯ ಮೇಷ್ಟರದ್ದು, ನಿವೃತ್ತರಾಗಿ ಬೇಸಾಯಕ್ಕಿಳಿದವರು. ಅವರದ್ದು ಬುಧವಾರಕ್ಕೆ ಹೋಯಿತು, ಅತ್ತೆಯದ್ದು ಗುರುವಾರಕ್ಕೆ. ಗುರುವಾರ ಸಂಜೆಯಿಂದ ಗುಡುಗು ಸಹಿತ ಮಳೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಅತ್ತೆಯ ಭತ್ತ ಬಲಿತು ಬಾಗಿ ನಿಂತಿತ್ತು, ಒಂದು ಜೋರು ಮಳೆ ಹೊಡೆದರೆ ಅಷ್ಟೂ ನೆಲಕ್ಕೆ. ಗುರುವಾರ ಮಧ್ಯಾಹ್ನದೊಳಗೆ ಕೊಯ್ಲು ಮುಗಿಯುತ್ತದೆ, ಪರವಾಗಿಲ್ಲ ಎಂದುಕೊಂಡೆ. ನನ್ನ ಕಂಪ್ಯೂಟರಿನಲ್ಲಿ ನೋಡಿದೆ, ಹೊಸ ಪಟ್ಟಿ ಥಟ್ಟನೆ ಬಂತು. ಸಾಹುಕಾರರೂ ಅವರ ಕಡೆ ನೋಡಿ ಸರಿ ಇದೆ ಎಂದರು.

ಸೋಮವಾರ ಮತ್ತೆ ಅವರ ಫೋನು. ಮಲೆಬೆನ್ನೂರ ಕಡೆಯವರಿಗೆ ಹಳೆಯ ಪಟ್ಟಿಯೇ ಕಾಣುತ್ತಿದೆಯಂತೆ.

"ನಮ್ಮ ಕಂಪ್ಯೂಟರ್‌ನ್ಯಾಗೆ ಸರಿಯಾಗೇ ಕಾಣ್ತೈತಲ್ರಿ" ಎಂದೆ.

"ನಂದ್ರಾಗೂ ಸರಿ ಐತೆ ಮೇಡಂ. ಅವ್ರ ಫೋನೇ ಸರಿ ಇಲ್ಲೇನೋ."

"ಆಫ್ ಮಾಡಿ ಆನ್ ಮಾಡಕ್ಕೆ ಹೇಳ್ರಿ" ಎಂದು ವೈದ್ಯರ ಹಾಗೆ ಔಷಧ ಬರೆದುಕೊಟ್ಟೆ. ಊರವರೆಲ್ಲ ಆಫ್ ಮಾಡಿ ಆನ್ ಮಾಡಿದರು. ಹಳೆಯ ಪಟ್ಟಿ ಸ್ನಾನ ಮಾಡಿ ಬಂದ ಹಾಗೆ ಮತ್ತೆ ಬಂದು ನಿಂತಿತು.

ಮಂಗಳವಾರ ಏನಾಯಿತೆಂದು ನನಗೆ ಗೊತ್ತಾಗಿದ್ದು ಆಮೇಲೆ. ಮೇಷ್ಟ್ರು ಬದುಕಿನಲ್ಲಿ ಅಮಾವಾಸ್ಯೆಯ ದಿನ ಒಂದು ಸೈಕಲ್ಲನ್ನೂ ಹೊರಗೆ ತೆಗೆದವರಲ್ಲ. ಅವರ ಫೋನು ಮಂಗಳವಾರ ನಿಮ್ಮ ಪಾಳಿ ಎಂದಿತು. ಕಂಪ್ಯೂಟರೇ ಹಾಕಿದೆ ಎಂದ ಮೇಲೆ ಏನೋ ಲೆಕ್ಕ ಇರಬೇಕು, ಈಗಿನ ಮಿಷನ್ನಿಗೆ ಅಮಾವಾಸ್ಯೆ ಇಲ್ಲವೇನೋ ಎಂದುಕೊಂಡು, ಬಿಸಿಲಲ್ಲಿ ತಲೆಗೆ ಟವೆಲ್ ಹೊದ್ದು ಮಧ್ಯಾಹ್ನದವರೆಗೆ ಬದುವಿನ ಮೇಲೆ ನಿಂತಿದ್ದಾರೆ. ಮಿಷನ್ನು ಹರಿಹರದಲ್ಲಿ ನಿಂಬೆಹಣ್ಣು ಕಟ್ಟಿಸಿಕೊಳ್ಳುತ್ತಿತ್ತು. ಒಂದೇ ಒಂದು ಸಲ ಕ್ಯಾಲೆಂಡರ್ ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಗೋಡೆಯ ಮೇಲಿನ ಕ್ಯಾಲೆಂಡರಿಗಿಂತ ಕೈಯೊಳಗಿನ ಫೋನು ದೊಡ್ಡದು ಎಂದು ಅವರನ್ನು ನಂಬಿಸಿದವಳು ನಾನೇ.

ಮೇಷ್ಟರ ಗದ್ದೆಗೆ ಮಿಷನ್ ಬಾರದ್ದನ್ನು ಅತ್ತೆ ನೋಡಿದಳು. ಹಾಗಾದರೆ ಫೋನಿನ ಮಾತು ಸುಳ್ಳೇ? ಅವಳಿಗೆ ದಿಗಿಲಾಯಿತು. ಫೋನು ಕೆಟ್ಟಿರಬೇಕು ಎಂದು ತೀರ್ಮಾನಿಸಿದಳು. ಫೋನ್ ಕೆಟ್ಟರೆ ಅಕ್ಕಿಯೊಳಗೆ ಇಡಬೇಕು ಎಂದು ಹಿಂದೊಮ್ಮೆ ನಾನೇ ಹೇಳಿದ್ದೆ, ಅದು ಬಚ್ಚಲಿನ ಬಕೆಟ್ಟಿಗೆ ಬಿದ್ದಿದ್ದಾಗ. ಅತ್ತೆ ಅದನ್ನು ಎಲ್ಲ ಕಾಯಿಲೆಗೂ ಮದ್ದು ಎಂದು ನೆನಪಿಟ್ಟುಕೊಂಡಿದ್ದಳು. ಮಂಗಳವಾರ ಮಧ್ಯಾಹ್ನವೇ ಫೋನನ್ನು ಸೋನಾ ಮಸೂರಿಯ ಡಬ್ಬಿಯಲ್ಲಿ ಹೂತು, ಮುಚ್ಚಳ ಹಾಕಿ, ಮೇಲೊಂದು ಒಳಕಲ್ಲಿನ ಗುಂಡು ಇಟ್ಟಿದ್ದಾಳೆ.

ಅಷ್ಟು ಹೊತ್ತಿಗೆ ನನಗೂ ಮನಸ್ಸಿನಲ್ಲಿ ಹುಳ ಹೊಕ್ಕಿತ್ತು. ನಿನ್ನದು ಗುರುವಾರ ಎಂದು ಬಾಯಲ್ಲೇ ಹೇಳಿಬಿಡೋಣ ಎಂದು ಅತ್ತೆಗೆ ಆರು ಸಲ ಫೋನ್ ಮಾಡಿದೆ. ಆರೂ ಸಲ ಅಕ್ಕಿ ಕೇಳಿಸಿಕೊಂಡಿತು.

ಬುಧವಾರ ಬೆಳಿಗ್ಗೆ ಫೋನನ್ನು ಹೊರಗೆ ತೆಗೆದಳು. ಕಾಳು ಕೊಡವಿ ನೋಡಿದರೆ, ಬುಧವಾರ ನಿನ್ನ ಪಾಳಿ ಎಂದೇ ಇದೆ! ಇಡೀ ರಾತ್ರಿ ಅಕ್ಕಿಯಲ್ಲಿದ್ದು ವಾಸಿಯಾದ ಫೋನೂ ಅದನ್ನೇ ಹೇಳುತ್ತಿದೆ ಎಂದ ಮೇಲೆ ಇನ್ನು ಅನುಮಾನವೇಕೆ? ನನ್ನ ಆರು ಮಿಸ್ಡ್ ಕಾಲುಗಳನ್ನು ನೋಡಿ, ಪಾಳಿ ಮರೆಯಬೇಡ ಎನ್ನಲು ಮಾಡಿದ್ದಾಳೆ ಪಾಪ ಎಂದುಕೊಂಡಳಂತೆ. ಟ್ರ್ಯಾಕ್ಟರ್ ತರಿಸಿದಳು, ಚೀಲ ತುಂಬಲು ಆಳು ಹೇಳಿದಳು, ಎಲ್ಲರಿಗೂ ಬುತ್ತಿ ಕಟ್ಟಲು ಒಲೆ ಹಚ್ಚಿದಳು. ಒಂಬತ್ತು ಗಂಟೆಗೆ ನನಗೆ ಅವಳ ಫೋನು ಬಂತು.

"ಏನೇ, ಮಿಷನ್ನು ಊರಿಗೆ ಬಂದೈತೆ. ನನ್ನ ಗದ್ದಿಗೆ ಇಳಿಯವಲ್ದು. ಡ್ರೈವರ್ ಮೇಷ್ಟ್ರ ಗದ್ದಿ ಅಂತಾನೆ. ನಿನ್ನ ಪಟ್ಟಿ ನನ್ನ ಪಾಳಿ ಅಂತೈತೆ. ಬಂದು ಹೇಳು ಅವನಿಗೆ."

"ಅತ್ತೆ, ನಿಂದು ನಾಳೆ."

"ನಾಳೆ ಅಂತ ಯಾವನಂದ? ನಾನು ನಿನ್ನ ನಂಬೇನಿ, ನೀನು ಅವ್ರ ಕಡೆ ಮಾತಾಡ್ತೀಯೇನು?"

ಆ "ಅವ್ರ ಕಡೆ" ಎನ್ನುವ ಮಾತು ನನಗೆ ಚುಚ್ಚಿತು. ಹಿಟ್ಟಿನ ಕೈಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಹರಿಹರದಲ್ಲಿ ಇಳಿದು ಮಲೆಬೆನ್ನೂರು ಬಸ್ಸು ಹಿಡಿದು ಕುಳಿತೆ. ಬಸ್ಸು ತುಂಬುವವರೆಗೆ ಬಿಡುವ ಹಾಗಿರಲಿಲ್ಲ. ಬೇಸರಕ್ಕೆ ನನ್ನ ಫೋನು ತೆಗೆದು ಆ ಪುಟ ನೋಡಿದೆ. ಮಂಗಳವಾರ ಮೇಷ್ಟ್ರು. ಬುಧವಾರ ಅತ್ತೆ.

ಹಳೆಯ ಪಟ್ಟಿ! ನನ್ನದೇ ಕೈಯಲ್ಲಿ, ನನ್ನದೇ ಫೋನಿನಲ್ಲಿ.

ಆಗ ಹೊಳೆಯಿತು. ಶನಿವಾರ ನಾನೂ ಒಂದು ಸಲ ಫೋನಿನಲ್ಲಿ ತೆರೆದು ನೋಡಿದ್ದೆ. ಫೋನು ಆ ಸ್ಕ್ರಿಪ್ಟ್ ಫೈಲಿನ ಒಂದು ನಕಲನ್ನು ತನ್ನೊಳಗೆ ಇಟ್ಟುಕೊಂಡಿದೆ. ಮತ್ತೆ ಕೇಳಿದರೆ ಹೋಟೆಲಿನವರೆಗೆ ಹೋಗುವುದೇ ಇಲ್ಲ, ಶನಿವಾರ ಕಟ್ಟಿಸಿಕೊಂಡ ಪಾರ್ಸೆಲ್ಲನ್ನೇ ಬಿಚ್ಚಿ ಬಡಿಸುತ್ತಿದೆ. ಆಫ್ ಮಾಡಿ ಆನ್ ಮಾಡಿದರೆ ಪಾರ್ಸೆಲ್ಲು ಎಲ್ಲಿ ಹೋಗುತ್ತದೆ? ಹಾಗಾದರೆ ನನ್ನ ಕಂಪ್ಯೂಟರಿನಲ್ಲಿ ಯಾಕೆ ಸರಿಯಾಗಿ ಕಾಣುತ್ತಿತ್ತು? ಕೆಲಸ ಮಾಡುವಾಗ ಅನುಕೂಲಕ್ಕೆಂದು ಬ್ರೌಸರಿನಲ್ಲಿ ರಿಪೇರಿಯವರ ಒಂದು ಪಕ್ಕದ ಕಿಟಕಿ ತೆರೆದುಕೊಂಡಿರುತ್ತೇನೆ. ಅದರಲ್ಲಿ ನಕಲು ಇಟ್ಟುಕೊಳ್ಳಬೇಡ ಎನ್ನುವ ಜಾಗಕ್ಕೆ ಯಾವ ಕಾಲದಲ್ಲೋ ಒಂದು ಟಿಕ್ ಹಾಕಿದ್ದೆ. ಅದನ್ನು ತೆಗೆದೇ ಇರಲಿಲ್ಲ. ಸಾಹುಕಾರರು ನೋಡುತ್ತಿದ್ದದ್ದು ಪಟ್ಟಿ ತಿದ್ದುವ ಬೇರೆಯದೇ ಪುಟ, ಅಡುಗೆಮನೆಯೊಳಗೇ ನಿಂತು ತಿಂದ ಹಾಗೆ. ಪ್ರಪಂಚದಲ್ಲಿ ನಮ್ಮಿಬ್ಬರಿಗೆ ಮಾತ್ರ ದಿನಾ ಬಿಸಿ ದೋಸೆ ಬರುತ್ತಿತ್ತು. ಊರಿಗೆಲ್ಲ ಹಳಸಿದ್ದು. ಇಷ್ಟು ವರ್ಷ ಎಷ್ಟು ಜನ ಗಿರಾಕಿಗಳಿಗೆ ಅದೇ ಬಿಗುಮಾನದಲ್ಲಿ ಅದೇ ಮಾತು ಹೇಳಿ ಫೋನ್ ಇಟ್ಟಿದ್ದೆನೋ ಎಂದು ನೆನೆಸಿಕೊಂಡು ನಾಚಿಕೆಯಾಯಿತು.

ಬಸ್ಸಿನಲ್ಲೇ ಫೋನಿನಿಂದ ಸರ್ವರಿಗೆ ಹೊಕ್ಕು, ಈ ಫೈಲನ್ನು ಯಾರೂ ಇಟ್ಟುಕೊಳ್ಳಬಾರದು ಎಂಬ ಒಂದು ಸಾಲು ಸೇರಿಸಿದೆ. ಪುಟ ತೆರೆದೆ. ಬುಧವಾರ ಅತ್ತೆ. ಆಮೇಲೆ ತಲೆ ಚಚ್ಚಿಕೊಂಡೆ. ಆ ಸಾಲು ಸರ್ವರಿನ ಬಾಗಿಲಿಗೆ ಹಾಕಿದ ಬೋರ್ಡು, ಬಾಗಿಲಿಗೆ ಬಂದವರು ಓದುತ್ತಾರೆ. ಮನೆಯಲ್ಲಿ ಪಾರ್ಸೆಲ್ ಇಟ್ಟುಕೊಂಡು ಬಾಗಿಲ ಕಡೆಗೇ ಬರದವರು ಓದುವುದು ಹೇಗೆ? ಇನ್ನುಳಿದದ್ದು ಒಂದೇ ದಾರಿ, ಊರಿನ ಒಂದೊಂದು ಫೋನನ್ನೂ ಕೈಯಲ್ಲಿ ಹಿಡಿದು ತೊಳೆಯುವುದು.

ಗದ್ದೆಗೆ ಹೋದಾಗ ಹನ್ನೊಂದು ದಾಟಿತ್ತು. ಮಿಷನ್ನು ಎರಡು ಗದ್ದೆಗಳ ನಡುವಿನ ದಾರಿಯಲ್ಲಿ ನಿಂತಿತ್ತು. ಹಣೆಗೆ ನಿನ್ನೆಯ ಕುಂಕುಮ. ಅದರ ಒಂದು ಕಡೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಾಳೆ, ಇನ್ನೊಂದು ಕಡೆ ಮೇಷ್ಟ್ರು. ಇಬ್ಬರೂ ಫೋನನ್ನು ಪಂಚಾಯಿತಿಗೆ ತಂದ ಕಾಗದಪತ್ರದ ಹಾಗೆ ಎತ್ತಿ ಹಿಡಿದಿದ್ದಾರೆ. ಡ್ರೈವರು ತಮಿಳುನಾಡಿನ ಕಡೆಯವನು. ಅವನು ಪುಟವನ್ನು ಮೊದಲ ಸಲ ತೆರೆದದ್ದೇ ಆವತ್ತು ಬೆಳಿಗ್ಗೆ, ಅವನ ಫೋನಿನಲ್ಲಿ ಹಳೆಯ ಪಾರ್ಸೆಲ್ ಇರಲಿಲ್ಲ, ಹೊಸ ಪಟ್ಟಿ ಸರಿಯಾಗಿ ಬಂದಿತ್ತು. ಆದರೆ ಒಬ್ಬನ ಫೋನು ಒಂದು ಹೇಳಿದರೆ, ಊರಿನ ಇಪ್ಪತ್ತು ಫೋನು ಇನ್ನೊಂದು ಹೇಳುತ್ತವೆ. ನಂಬುವುದು ಯಾರನ್ನು? ಸಾಹುಕಾರರನ್ನೇ ಕೇಳೋಣವೆಂದರೆ ಅವರ ಫೋನು ಸೈಲೆಂಟಿನಲ್ಲಿತ್ತು.

"ಮೇಡಂ ಬಂದ್ರು" ಎಂದರು ಮೇಷ್ಟ್ರು. "ನೋಡ್ರಿ ತಾಯಿ, ನಿನ್ನೆ ನನ್ನ ಪಾಳಿ ಅಂತ ಐತೆ. ನಿನ್ನೆ ಬರಲಿಲ್ಲ. ಇವತ್ತು ಇವ್ರು ನಂದು ಅಂತಾರೆ. ಹಂಗಾದ್ರೆ ನನ್ನ ಪಾಳಿ ಎಲ್ಲಿಗೆ ಹೋತು?"

"ನನಗೇನು ಗೊತ್ರಿ ಮೇಷ್ಟ್ರೆ?" ಎಂದಳು ಅತ್ತೆ. "ನನ್ನ ಫೋನು ಒಂದಿನ ಅಕ್ಕಿನ್ಯಾಗೆ ಇಟ್ಟು ತೆಗೆದೇನಿ. ನಿಮ್ದು ಇಟ್ಟೀರೇನು?"

ಮೇಷ್ಟ್ರು ತಮ್ಮ ಫೋನನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಅವರು ಫೋನನ್ನು ಅಕ್ಕಿಯಲ್ಲಿ ಇಟ್ಟಿರಲಿಲ್ಲ.

ಡ್ರೈವರು ಗಡಿಯಾರ ತೋರಿಸಿದ. ಅವನಿಗೆ ಗೊತ್ತಿದ್ದ ನಾಲ್ಕು ಕನ್ನಡ ಮಾತಿನಲ್ಲಿ ಹೇಳಿದ್ದು ಇಷ್ಟೇ, ಹನ್ನೆರಡರೊಳಗೆ ನೀವು ನೀವೇ ತೀರ್ಮಾನ ಮಾಡದಿದ್ದರೆ ಮುಂದಿನ ಊರಿಗೆ ಹೋಗುತ್ತೇನೆ. ಹೋದನೆಂದರೆ ಮಳೆಗೆ ಮೊದಲು ವಾಪಸ್ ಬರುವ ಮಾತೇ ಇಲ್ಲ. ಮೇಷ್ಟರದ್ದೂ ಹೋಯಿತು, ಅತ್ತೆಯದ್ದೂ ಹೋಯಿತು. ಪಡುವಣ ದಿಕ್ಕಿನಲ್ಲಿ ಒಂದು ಹಿಡಿಯಷ್ಟು ಮೋಡ ಆಗಲೇ ಕುಳಿತಿತ್ತು.

ನಾನು ಬದುವಿನ ಮೇಲೆ ಕುಳಿತು, "ಎಲ್ಲಾರೂ ಫೋನ್ ಕೊಡ್ರಿ" ಎಂದೆ. ಪೋಲಿಯೋ ಹನಿ ಹಾಕಿಸಲು ಬಂದವರ ಹಾಗೆ ಸಾಲು ನಿಂತರು. ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಬಚ್ಚಿಟ್ಟಿರುತ್ತಾರೆ ಆ ಅಳಿಸುವ ಗುಂಡಿಯನ್ನು. ಮೊದಲನೆಯದರಲ್ಲಿ ಹುಡುಕಲು ಐದು ನಿಮಿಷ. ಎರಡನೆಯದು ತೆಲುಗಿನಲ್ಲಿತ್ತು, ಯಾಕೆಂದು ಅದರ ಒಡೆಯನಿಗೂ ಗೊತ್ತಿರಲಿಲ್ಲ. ಮೂರನೆಯವನದ್ದನ್ನು ಅಳಿಸುವಾಗ ಕೈ ಜಾರಿ ಏನೇನೋ ಅಳಿಸಿ, ಅವನ ಸಿಲಿಂಡರ್ ಬುಕ್ ಮಾಡುವ ಪುಟ ಪಾಸ್‌ವರ್ಡ್ ಕೇಳತೊಡಗಿತು. ಅವನು ಅಲ್ಲೇ ಗಲಾಟೆ ಶುರು ಮಾಡಿದ. ಇನ್ನೂ ಹದಿನೇಳು ಫೋನು ಉಳಿದಿವೆ.

ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ನನ್ನ ಮುಖ ನೋಡಿ ಅವಳ ಸಿಟ್ಟು ಸ್ವಲ್ಪ ಇಳಿದಿತ್ತು.

"ಏನಾಗೈತೆ ನನಗೆ ತಿಳಿಯೋ ಹಂಗೆ ಹೇಳು."

"ಪಟ್ಟಿ ಬರೋ ಫೈಲಿಗೆ ಒಂದು ಹೆಸರು ಐತೆ ಅತ್ತೆ. ಫೋನು ಆ ಹೆಸರು ನೋಡಿದ ಕೂಡ್ಲೇ ಇದು ನನ್ನ ಹತ್ರ ಆಗಲೇ ಐತೆ ಅಂತ ಹಳೇದನ್ನೇ ತೆಗೆದು ಕೊಡ್ತೈತೆ. ಹೊಸದು ಕೇಳಾದೇ ಇಲ್ಲ."

"ಹೆಸರು ನೋಡಿ?"

"ಹೂಂ, ಬರೀ ಹೆಸರು."

"ಮತ್ತೆ ಹೆಸರು ಬದಲು ಮಾಡಾದು ಬಿಟ್ಟು ಊರವ್ರ ಫೋನ್ ಯಾಕ ತಿಕ್ಕಿಕಂತ ಕುಂತೀಯ? ನಿಮ್ಮಪ್ಪನಿಗಿಂತ ಮುಂಚೆ ಎರಡು ಕೂಸು ಕೈ ಬಿಟ್ಟಿದ್ವು. ಇವನು ಹುಟ್ಟಿದ ಮ್ಯಾಲೆ ನಮ್ಮವ್ವ ಏನು ಮಾಡಿದ್ಲು? ತಿಪ್ಪಿ ಮ್ಯಾಲೆ ಮಲಗಿಸಿದ್ಲು. ಪಕ್ಕದ ಮನಿಯಾಕಿ ಎತ್ಕಂಡ್ಲು. ಒಂದು ಮೊರ ತೌಡು ಕೊಟ್ಟು ನಮ್ಮವ್ವ ವಾಪಸ್ ಕೊಂಡ್ಕಂಡು ತಿಪ್ಪಿ ಹೆಸರು ಇಟ್ಲು. ಯಮನ ಕಡೆಯವ್ರು ಹಳೇ ಹೆಸರು ಹಿಡ್ಕಂಡು ಬಂದ್ರೆ ಆ ಹೆಸರಿನ ಕೂಸೇ ಇಲ್ಲ ಮನ್ಯಾಗೆ. ಕೂಸು ಅದೇ, ಹೆಸರು ಬ್ಯಾರೆ. ಎಂಬತ್ತು ವರ್ಷ ಬಾಳಿದ."

ಅಪ್ಪನ ಆ ಹೆಸರಿಗೆ ಶಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ಅದಕ್ಕೇ ನಾನು ಎಲ್ಲ ಅರ್ಜಿಗಳಲ್ಲೂ ಬರೀ ಇನಿಷಿಯಲ್ ಬರೆದು ಮುಗಿಸಿದವಳು. ಫೈಲಿನ ಹೆಸರಿನ ಬಾಲಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ಏನಾದರೊಂದು ಗುರುತು ಸೇರಿಸಿದರೆ ಸಾಕು, ಫೋನು ಇದು ಯಾವುದೋ ಬೇರೆ ಫೈಲು ಎಂದು ತಿಳಿದು ಹೊಸದಾಗಿ ಕೇಳುತ್ತದೆ. ಈ ಉಪಾಯ ನಾನು ಪುಸ್ತಕದಲ್ಲಿ ಓದಿದ್ದೆ, ಗಾಬರಿಯಲ್ಲಿ ಮರೆತಿದ್ದೆ. ಅಪ್ಪನನ್ನು ತಿಪ್ಪೆಯ ಮೇಲೆ ಮಲಗಿಸಿದ ಅಜ್ಜಿ ಮರೆತಿರಲಿಲ್ಲ, ಪುಸ್ತಕವನ್ನೂ ಓದಿರಲಿಲ್ಲ.

ಫೈಲಿನ ಹೆಸರು ಬರೆದಿರುವುದು ಹೊರಗಿನ ಚೌಕಟ್ಟಿನ ಪುಟದಲ್ಲಿ, ಅದೊಂದನ್ನು ಮಾತ್ರ ಫೋನು ಪ್ರತಿ ಸಲ ಹೊಸದಾಗಿಯೇ ತರುತ್ತದೆ. ಬದುವಿನ ಮೇಲೆ ಕುಳಿತು ಹೆಬ್ಬೆರಳಿನಲ್ಲೇ ಆ ಪುಟವನ್ನು ತಿದ್ದಿದೆ. ಪ್ರಶ್ನೆ ಚಿಹ್ನೆ ಹಾಕಿದ ಮೇಲೆ ಏನು ಬರೆಯಲಿ ಎಂದು ಒಂದು ಕ್ಷಣ ಯೋಚಿಸಿ, ತಿಪ್ಪೆ ಎಂದೇ ಬರೆದೆ. ತಿಪ್ಪೆ ಒಂದು.

"ಎಲ್ಲಾರೂ ಈಗ ತೆಗೆದು ನೋಡ್ರಿ" ಎಂದೆ.

ಇಪ್ಪತ್ತು ಫೋನಿನಲ್ಲೂ ಒಟ್ಟಿಗೇ ಹೊಸ ಪಟ್ಟಿ ಬಂತು. ಮಂಗಳವಾರ ಅಮಾವಾಸ್ಯೆ, ಬುಧವಾರ ಮೇಷ್ಟ್ರು, ಗುರುವಾರ ಅತ್ತೆ. "ಬಂತು ಬಂತು" ಎಂದು ಕೂಗಿದರು. ಮೇಷ್ಟ್ರು ಕನ್ನಡಕ ಒರೆಸಿ ಎರಡು ಸಲ ಓದಿದರು. ನಾನು ಗೆದ್ದ ಖುಷಿಯಲ್ಲಿ ಅತ್ತೆಯ ಕಡೆ ತಿರುಗಿದೆ. ಅವಳು ತನ್ನ ಫೋನನ್ನೇ ನೋಡುತ್ತಿದ್ದಳು. ಆಗ ನನಗೆ ಅರಿವಾಯಿತು, ಅವಳೇ ಹೇಳಿಕೊಟ್ಟ ಉಪಾಯದಿಂದ ಅವಳ ಕೈಯಲ್ಲಿದ್ದ ಬುಧವಾರವನ್ನು ನಾನು ಕಿತ್ತುಕೊಂಡಿದ್ದೆ. ಟ್ರ್ಯಾಕ್ಟರ್ ಬಂದು ನಿಂತಿದೆ, ಆಳು ಬಂದಿದ್ದಾರೆ, ಬುತ್ತಿ ಸಿದ್ಧವಾಗಿದೆ, ಮೋಡ ಅಲ್ಲೇ ಕುಳಿತಿದೆ. ಅವಳು ಒಂದು ಮಾತು ಜಗಳವಾಡಿದ್ದರೂ ನಾನು ಸುಮ್ಮನಿರುತ್ತಿದ್ದೆ.

ಅತ್ತೆ ಮೋಡ ನೋಡಿದಳು, ಭತ್ತ ನೋಡಿದಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹೋಗ್ರಿ ಮೇಷ್ಟ್ರೆ, ಇಳಿಸ್ರಿ ಮಿಷನ್ನು. ಈಗ ಎಲ್ಲಾರದ್ದೂ ಒಂದೇ ಹೇಳ್ತೈತಲ್ಲ. ನನ್ನ ಆಳುಗಳೂ ಬರ್ತಾರೆ, ಬೇಗ ಮುಗಿಸ್ರಿ."

ಬುತ್ತಿಯನ್ನೂ ಅಲ್ಲೇ ಬಿಚ್ಚಿದಳು. ಮೇಷ್ಟರ ಗದ್ದೆಯ ಬದುವಿನ ಮೇಲೆ ರೊಟ್ಟಿ, ಚಿತ್ರಾನ್ನ, ಕೆಂಪು ಚಟ್ನಿ ಎಲ್ಲರಿಗೂ ಹಂಚಿಕೆಯಾಯಿತು. ಡ್ರೈವರು ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡ. ಕೊನೆಗೆ ಅತ್ತೆ ಬುಟ್ಟಿಯ ತಳದಿಂದ ಒಂದು ಪುಟ್ಟ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ತೆರೆದರೆ ಸಪ್ಪೆ ಬೇಳೆ. ಬೆಳಿಗ್ಗೆ ಫೋನಿನಲ್ಲಿ ನನ್ನನ್ನು ಬೈದು, ನಾನು ಬರುತ್ತೇನೆಂದು ಗೊತ್ತಾದ ಮೇಲೆ ಒಲೆಯ ಮುಂದೆ ಹೋಗಿ ಮಾಡಿಟ್ಟಿದ್ದಾಳೆ.

ಅಷ್ಟು ಹೊತ್ತಿನಿಂದ ಕಟ್ಟಿಕೊಂಡಿದ್ದೆಲ್ಲ ಆಗ ಒಡೆಯಿತು. "ಅತ್ತೆ, ನನಗೆ ಕಾಮಾಲಿ ಬಂದು ನಲವತ್ತು ವರ್ಷ ಆತು! ನಾನು ದಿನಾ ಮೆಣಸಿನಕಾಯಿ ತಿಂತೇನಿ!" ಎಂದು ಕಿರುಚಿದೆ. ಗದ್ದೆಯವರೆಲ್ಲ ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

ಅತ್ತೆ ಕಣ್ಣು ಅಗಲಿಸಿದಳು. "ವಾಸಿ ಆತೇನೇ? ಯಾರೂ ಹೇಳ್ಲೇ ಇಲ್ಲವಲ್ಲ. ಖಾರ ಬ್ಯಾಡ ಅಂತ ಹೇಳೋಕೆ ಡಾಕ್ಟ್ರು ಮನಿತನಕ ಬಂದಿದ್ರು. ಇನ್ನು ಕೊಡಬೌದು ಅಂತ ಹೇಳೋಕೆ ಯಾರೂ ಬರಲಿಲ್ಲ."

ನಲವತ್ತು ವರ್ಷ ಅವಳು ಕಾಯುತ್ತಿದ್ದದ್ದು ಆ ಒಂದು ಮಾತಿಗೆ. ಆ ಮಾತು ಹೇಳಬೇಕಾಗಿದ್ದವಳು ನಾನು. ಸಪ್ಪೆ ಬೇಳೆಯನ್ನು ಒಂಚೂರೂ ಬಿಡದೆ ಉಂಡೆ.

ಆವತ್ತು ಅಲ್ಲೇ ಉಳಿದೆ. ಗುರುವಾರ ಬೆಳಿಗ್ಗೆ ಏಳಕ್ಕೆ ಮಿಷನ್ನು ಅತ್ತೆಯ ಗದ್ದೆಗೆ ಇಳಿಯಿತು. ದಾರಿ ತೋರಿಸುತ್ತ ಮುಂದೆ ಬಂದವರು ಮೇಷ್ಟ್ರೇ. ಅವರ ಆಳುಗಳೂ ಬಂದರು. ಹತ್ತಕ್ಕೆ ಅರ್ಧ ಆಕಾಶ ಕಪ್ಪಾಯಿತು, ಅತ್ತೆ ಮೇಲೆ ನೋಡುವುದನ್ನೇ ಬಿಟ್ಟಳು. ಮಿಷನ್ನು ತಿರುಗಲಾಗದ ಮೂಲೆಗಳನ್ನು ಕುಡುಗೋಲಿನಿಂದ ಕೊಯ್ಯಬೇಕು. ನಾನೂ ಒಂದು ಮೂಲೆ ಹಿಡಿದೆ. ನಾನು ಹತ್ತು ಹಿಡಿ ಕೊಯ್ಯುವಷ್ಟರಲ್ಲಿ ಅತ್ತೆ ಉಳಿದ ಮೂರೂ ಮೂಲೆ ಮುಗಿಸಿ ಬಂದು, "ಕೀಬೋರ್ಡಲ್ಲವ್ವ ಅದು" ಎಂದು ಕುಡುಗೋಲು ಕಸಿದುಕೊಂಡಳು. ಎರಡೂವರೆಗೆ ಕೊನೆಯ ಚೀಲ ಟ್ರೈಲರ್ ಏರಿತು. ಮೇಷ್ಟ್ರು ಒಂದು ತುದಿ, ನಾನೊಂದು ತುದಿ ಹಿಡಿದು ತಾಡಪಾಲು ಎಳೆದು ಕಟ್ಟುವಾಗ ಮೊದಲ ಹನಿ ನನ್ನ ಕೈ ಮೇಲೆ ಬಿತ್ತು. ಮನೆ ಮುಟ್ಟುವಷ್ಟರಲ್ಲಿ ಧೋ ಎಂದು ಸುರಿಯಿತು. ಒಂದು ಕಾಳು ನೆನೆಯಲಿಲ್ಲ. ನಾನು ಪೂರ್ತಿ ನೆನೆದಿದ್ದೆ, ಅಷ್ಟು ಸಂತೋಷ ನನಗೆ ಯಾವ ವೆಬ್‌ಸೈಟ್ ಮುಗಿಸಿದಾಗಲೂ ಆಗಿಲ್ಲ.

ಆ ಪುಟ ಈಗಲೂ ನಡೆಯುತ್ತಿದೆ. ಪಟ್ಟಿ ತಿದ್ದಿದಾಗಲೆಲ್ಲ ಬಾಲದ ಅಂಕಿ ತಾನಾಗಿಯೇ ಏರುತ್ತದೆ, ತಿಪ್ಪೆ ಮುನ್ನೂರು ದಾಟಿದೆ. ಅಮಾವಾಸ್ಯೆಗೆ ಬೇರೆಯೇ ಒಂದು ಕಾಲಂ ಮಾಡಿದ್ದೇನೆ. ನನ್ನ ಕಂಪ್ಯೂಟರಿನ ಆ ಟಿಕ್ಕನ್ನು ತೆಗೆದಿದ್ದೇನೆ, ಊರವರು ಉಂಡದ್ದನ್ನೇ ನಾನೂ ಉಣ್ಣಬೇಕು ಎಂದು.

ಆ ಗುರುವಾರ ಒದ್ದೆ ಸೀರೆ ಬದಲಿಸಿ ಬರುವಷ್ಟರಲ್ಲಿ ಅತ್ತೆ ತಟ್ಟೆ ಹಾಕಿದ್ದಳು. ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿದಳು. ನನ್ನ ತಟ್ಟೆಯಲ್ಲಿ ಬಿಸಿ ರೊಟ್ಟಿ, ಅದರ ಪಕ್ಕ ನಿಂಬೆಹಣ್ಣಿನ ಗಾತ್ರದ ಕೆಂಪು ಚಟ್ನಿ, ಮೇಲೊಂದು ಹನಿ ಎಣ್ಣೆ. ಅತ್ತೆ ತಾನು ಉಣ್ಣದೆ ನನ್ನನ್ನೇ ನೋಡುತ್ತ ಕುಳಿತಳು. ನಾನು ಜಂಬದಿಂದ ದೊಡ್ಡ ತುತ್ತೇ ಹಚ್ಚಿ ಬಾಯಿಗಿಟ್ಟೆ. ದಾವಣಗೆರೆಯ ಮಿರ್ಚಿಯೆಲ್ಲ ಅದರ ಮುಂದೆ ಹಾಲು ಸಕ್ಕರೆ! ಕಿವಿಯಲ್ಲಿ ಹೊಗೆ ಬಂತು, ಮೂಗು ಸೋರಿತು, ಕಣ್ಣಿನಿಂದ ಧಾರೆ ಇಳಿಯಿತು. ಒಂದು ಲೋಟ ನೀರು ಕುಡಿದೆ. ಇನ್ನೊಂದು ಕುಡಿದೆ. ಮೂರನೆಯದಕ್ಕೆ ಕೈ ಚಾಚಿದೆ.

ಅತ್ತೆ ನನ್ನ ತಟ್ಟೆಯಿಂದ ಚಟ್ನಿಯನ್ನು ಮೆಲ್ಲಗೆ ತನ್ನ ತಟ್ಟೆಗೆ ಎತ್ತಿಕೊಂಡು, ಮೊಸರಿನ ಗಡಿಗೆಯನ್ನು ನನ್ನ ಕಡೆ ಸರಿಸಿದಳು.

"ನೋಡಿದ್ಯಾ" ಎಂದಳು, "ಇನ್ನಾ ಪೂರ್ತಿ ವಾಸಿ ಆಗಿಲ್ಲ."